ಮಿಥಿಲೀನ್ ಬ್ಲೂ ಹೀರುವ ನಾರು ಮೀಥೈಲ್ ಆರೆಂಜನ್ನು ಯಾಕೆ ಬಿಡುತ್ತದೆ?

ನಮಸ್ಕಾರ. ನೀರಿನ ಬಣ್ಣ ತೆಗೆಯಲು ಪಿಎಎನ್ (ಪಾಲಿಅಕ್ರಿಲೋನೈಟ್ರೈಲ್ ಎಂಬ ಪಾಲಿಮರ್) ನ್ಯಾನೊಫೈಬರ್ ಹಾಳೆಯನ್ನು, ಅಂದರೆ ಅತಿ ಸಣ್ಣ ನಾರಿನ ಹಾಳೆಯನ್ನು, ಕಾಸ್ಟಿಕ್ ಸೋಡಾದಲ್ಲಿ ಕಾಯಿಸಿದ ಮೇಲೆ ಮಿಥಿಲೀನ್ ಬ್ಲೂ ಬಣ್ಣ ನೀರಿನಿಂದ ಚೆನ್ನಾಗಿ ಹೋಯಿತು, ಮೀಥೈಲ್ ಆರೆಂಜ್ ಬಣ್ಣ ಮಾತ್ರ ನೀರಲ್ಲೇ ಉಳಿಯಿತು, ನಾರು ಕೆಟ್ಟಿದೆಯಾ ಅಂತ ಕೇಳಿದ್ದೀರಿ. ನಾರು ಚೆನ್ನಾಗಿಯೇ ಇದೆ. ವಿಷಯ ಇರುವುದು ಚಾರ್ಜ್‌ನಲ್ಲಿ.

ಸೋಡಾ ತಾಗಿದಾಗ ಪಿಎಎನ್‌ನ ಒಂದಷ್ಟು ನೈಟ್ರೈಲ್ ಗುಂಪುಗಳು ಕಾರ್ಬಾಕ್ಸಿಲ್ ಆಗುತ್ತವೆ. ನೀರಲ್ಲಿ ಅವುಗಳದ್ದು ಋಣ ಚಾರ್ಜ್. ಮಿಥಿಲೀನ್ ಬ್ಲೂ ಧನ, ಅಂಟಿಕೊಳ್ಳುತ್ತದೆ. ಮೀಥೈಲ್ ಆರೆಂಜ್‌ನಲ್ಲಿ ಸಲ್ಫೋನೇಟ್ ಇದೆ, ಅದೂ ಋಣವೇ. ನಾರು ಎಷ್ಟೇ ಸಣ್ಣಗಿದ್ದರೂ ತಳ್ಳಾಟ ತಪ್ಪುವುದಿಲ್ಲ.

ನಿಮಗೆ ಬೇಕಿರುವುದು ಧನ ಚಾರ್ಜ್ ಪಡೆಯಬಲ್ಲ ಅಮೈನ್ (ಸಾರಜನಕ ಇರುವ ಗುಂಪು). ಪಿಎಎನ್ ಹಾಳೆಯನ್ನೇ ಡೈಈಥಿಲೀನ್‌ಟ್ರೈಅಮೈನ್ ಜೊತೆ ಕಾಯಿಸಬಹುದು. ಇಲ್ಲವೇ ಕೈಟೋಸಾನ್ (ಸೀಗಡಿ, ಏಡಿ ಚಿಪ್ಪಿನಿಂದ ಮಾಡುವ ಪಾಲಿಮರ್) ನಾರು ತಗೊಳ್ಳಿ. ಪಿಎಚ್ 6ಕ್ಕಿಂತ ಕೆಳಗೆ ಅದರ ಹೆಚ್ಚಿನ ಅಮೈನ್‌ಗಳು ಧನ ಚಾರ್ಜ್ ಪಡೆಯುತ್ತವೆ. ಆದರೆ ಅದೇ ಆಮ್ಲದಲ್ಲಿ ನಾರು ಕರಗಿಯೂ ಬಿಡುತ್ತದೆ, ಹಾಗಾಗಿ ಮೊದಲು ಗ್ಲುಟರಾಲ್ಡಿಹೈಡ್‌ನಿಂದ ಕ್ರಾಸ್‌ಲಿಂಕ್ (ಅಣು ಸರಪಳಿಗಳನ್ನು ಒಂದಕ್ಕೊಂದು ಬೆಸೆಯುವುದು) ಮಾಡಲೇಬೇಕು.

ಅಳತೆಯಲ್ಲಿ ಒಂದು ಎಚ್ಚರ. ಮೀಥೈಲ್ ಆರೆಂಜ್ ಸ್ವತಃ ಇಂಡಿಕೇಟರ್, ಅಲ್ವಾ? ಪಿಎಚ್ 3.1ರಿಂದ 4.4ರ ನಡುವೆ ಬಣ್ಣ ಬದಲಾಗುತ್ತದೆ. ಆಮ್ಲದ ಸ್ಯಾಂಪಲ್ ಅನ್ನು ಸುಮ್ನೆ ಬೆಳಕಿನ ತರಂಗಾಂತರ 464 ನ್ಯಾನೊಮೀಟರ್‌ನಲ್ಲಿ ಓದಿದರೆ ಲೆಕ್ಕ ತಪ್ಪುತ್ತದೆ. ಎಲ್ಲ ಸ್ಯಾಂಪಲ್‌ಗಳನ್ನೂ ಸಾಂದ್ರತೆ ಗೊತ್ತಿರುವ ಸ್ಟ್ಯಾಂಡರ್ಡ್‌ಗಳನ್ನೂ ಒಂದೇ ಪಿಎಚ್‌ಗೆ ತಂದು ಓದಿ.

ಇನ್ನೊಂದು ಮಾತು. ಹತ್ತಿ ಬಟ್ಟೆಗೆ ಹಾಕುವ ರಿಯಾಕ್ಟಿವ್ ಬಣ್ಣಗಳೂ ಸಾಮಾನ್ಯವಾಗಿ ಋಣ ಚಾರ್ಜ್‌ನವು. ಆ ಬಣ್ಣದ ನೀರು ಕ್ಷಾರೀಯ, ಉಪ್ಪು ಬೇರೆ ಜಾಸ್ತಿ. ಉಪ್ಪು ನಾರು ಮತ್ತು ಬಣ್ಣದ ಚಾರ್ಜ್ ಸೆಳೆತವನ್ನು ತಗ್ಗಿಸುತ್ತದೆ. ದಯವಿಟ್ಟು ಶುದ್ಧ ನೀರಿನ ಫಲಿತಾಂಶಕ್ಕೇ ನಿಲ್ಲಬೇಡಿ, ಸೋಡಿಯಂ ಕ್ಲೋರೈಡ್ ಹಾಕಿಯೂ ಪರೀಕ್ಷಿಸಿ.