ಉತ್ತರ: ನಿಂಜಾ 1000ಎಸ್‌ಎಕ್ಸ್ ನಮ್ಮ ಘಟ್ಟದ ರಸ್ತೆಗೆ ಹೇಗೆ? ಮೈಲೇಜ್ ಎಷ್ಟು?

ಮನೆ ಶಿರಸಿ, ಕೆಲಸದ ಮೇಲೆ ಆಗಾಗ ಕಾರವಾರಕ್ಕೆ ಓಡಾಟ, ಹುಬ್ಬಳ್ಳಿಯಲ್ಲಿ ಸೆಕೆಂಡ್‌ಹ್ಯಾಂಡ್ ನಿಂಜಾ 1000ಎಸ್‌ಎಕ್ಸ್ ಅನ್ನೋ ಕವಾಸಾಕಿ ಕಂಪನಿಯ ಬೈಕ್ ಒಂದು ನೋಡಿಟ್ಟಿದ್ದೀರಿ, ಅಷ್ಟು ಭಾರದ ಗಾಡಿ ಶಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟದಲ್ಲಿ ತಿರುಗುತ್ತಾ, ಪೆಟ್ರೋಲ್ ಎಷ್ಟು ಕುಡಿಯುತ್ತೆ ಅಂತ ಕೇಳಿದ್ದೀರಿ. ನಾನು ಕಾರವಾರದಲ್ಲಿ ಅದನ್ನೇ ಓಡಿಸೋದು, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ.

ಘಟ್ಟದಲ್ಲಿ ತಿರುಗುತ್ತೆ, ಹೆದರಬೇಡಿ. 235 ಕೆಜಿ ದಾಟುವ ಗಾಡಿ ಹೌದು, ಆದರೆ ಓಡುವಾಗ ಆ ಭಾರ ಗೊತ್ತೇ ಆಗಲ್ಲ. ಗೊತ್ತಾಗೋದು ನಿಂತಾಗ. ನಮ್ಮ ಕಡೆ ಎಷ್ಟೋ ಮನೆಗಳ ಅಂಗಳ ರಸ್ತೆಯಿಂದ ಕೆಳಗಿರುತ್ತೆ, ಮಳೆಗಾಲದಲ್ಲಿ ಚಿರೆಕಲ್ಲಿನ ಮೇಲೆ ಪಾಚಿ ಬೇರೆ. ಅಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದರೆ ಹಿಂದಕ್ಕೆ ಎಳೆಯೋಕೆ ಇನ್ನೊಬ್ಬರನ್ನು ಕರೀಬೇಕು ಮಾರಾಯ್ರೆ. ಘಟ್ಟದ ಚಿಂತೆ ಬಿಡಿ, ಮೊದಲು ನಿಮ್ಮ ಅಂಗಳ ನೋಡಿಕೊಳ್ಳಿ.

1043 ಸಿಸಿ, 111 ಎನ್ಎಂ ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ. ಇದರಿಂದ ಆಗುವ ಲಾಭ ಟಾಪ್ ಸ್ಪೀಡ್ ಅಲ್ಲ. ಯಲ್ಲಾಪುರ-ಅಂಕೋಲಾ ದಾರಿಯ ಅರಬೈಲ್ ಘಟ್ಟದಲ್ಲಿ ಮೂರನೇ ಗೇರಿಗೆ ಹಾಕಿ ಸುಮ್ನೆ ಬಿಟ್ಟುಬಿಡಬಹುದು, ಲೋಡ್ ಲಾರಿ ಹಿಂದೆ ತೆವಳುವಾಗಲೂ ಎಂಜಿನ್ ಒದ್ದಾಡಲ್ಲ, ದಾರಿ ಸಿಕ್ಕ ಕೂಡಲೇ ಗೇರ್ ಇಳಿಸದೆ ದಾಟಿಕೊಂಡು ಹೋಗುತ್ತೆ. ಹೇರ್‌ಪಿನ್‌ಗೆ ಮಾತ್ರ ಎರಡನೇ ಗೇರ್, ಹಿಂದಿನ ಬ್ರೇಕ್ ಸ್ವಲ್ಪವೇ ಒತ್ತಿ ಹಿಡಿದರೆ ಸಾಕು.

ಹಿಂದೆ ಮನೆಯವರನ್ನೋ ಬ್ಯಾಗನ್ನೋ ಕೂರಿಸಿದಾಗ ಗಾಡಿ ತಿರುವಿನಲ್ಲಿ ಹೊರಗೆ ಹೊರಗೆ ಹೋಗುತ್ತೆ ಅಂತ ಕೆಲವರು ದೂರುತ್ತಾರೆ. ಅದಕ್ಕೆ ಹಿಂದಿನ ಸಸ್ಪೆನ್ಷನ್ ಪ್ರೀಲೋಡ್, ಅಂದರೆ ಸ್ಪ್ರಿಂಗನ್ನು ಎಷ್ಟು ಬಿಗಿ ಮಾಡಿಟ್ಟಿದ್ದೀರಿ ಅನ್ನೋದು ಕಾರಣ. ಪಕ್ಕದಲ್ಲೇ ಕೈಯಲ್ಲಿ ತಿರುಗಿಸುವ ನಾಬ್ ಇದೆ, ಸ್ಪ್ಯಾನರ್ ಬೇಡ. ಬಿಗಿ ಮಾಡದಿದ್ದರೆ ಹಿಂಭಾಗ ಕುಸಿದು ಮುಂಭಾಗ ಹಗುರಾಗುತ್ತೆ, ಆಗ ಎಂಥ ಗಾಡಿಯೂ ನೆಟ್ಟಗೆ ತಿರುಗಲ್ಲ. ಎಷ್ಟೋ ಜನ ಆ ನಾಬ್ ಮುಟ್ಟಿರೋದೇ ಇಲ್ಲ.

ಮಳೆಯಲ್ಲಿ ರೇನ್ ಮೋಡ್ ಹಾಕಿ, ಪವರ್ ತಗ್ಗುತ್ತೆ, ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಬೇಗ ಕೈ ಹಾಕುತ್ತೆ. ಆದರೂ ತಿರುವಿನ ಒಳಬದಿಯಲ್ಲಿ ಕಾಮನಬಿಲ್ಲಿನ ಬಣ್ಣ ಕಂಡರೆ ಅದು ಲಾರಿಯಿಂದ ಚೆಲ್ಲಿದ ಡೀಸೆಲ್. ಯಾವ ಮೋಡೂ ಅಲ್ಲಿ ಕಾಯಲ್ಲ.

ಮೈಲೇಜ್ ವಿಷಯ. ಹೆದ್ದಾರಿ 66ರಲ್ಲಿ 90-100ರಲ್ಲಿ ಕ್ರೂಸ್ ಕಂಟ್ರೋಲ್ (ಒಂದೇ ವೇಗ ಹಿಡಿದಿಡೋದು) ಹಾಕಿದರೆ ನನಗೆ ಲೀಟರಿಗೆ 18ರ ಆಸುಪಾಸು ಸಿಗುತ್ತೆ. ಘಟ್ಟದಲ್ಲಿ 15-16. ಪೇಟೆಯೊಳಗೆ 13, ಜೊತೆಗೆ ಮೇ ತಿಂಗಳ ಸೆಕೆಯಲ್ಲಿ ಕಾಲಿಗೆ ಎಂಜಿನ್ ಬಿಸಿ. ಕೈ ಜಾಸ್ತಿ ತಿರುವಿದರೆ ಇದೆಲ್ಲ ಸುಳ್ಳು. ಮೀಟರ್ ತೋರಿಸುವ ಲೆಕ್ಕ ಸ್ವಲ್ಪ ಉದಾರ, ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ ನೀವೇ ನೋಡಿ. ಈಗ ಬರೋದು ಇ20, ಅಂದರೆ ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲ್, ಎಥೆನಾಲ್‌ನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ, ಹಾಗಾಗಿ ಹಳೇ ರಿವ್ಯೂಗಳ ಅಂಕಿ ಹಿಡಿದು ಕೂರಬೇಡಿ. ಟ್ಯಾಂಕ್ 19 ಲೀಟರ್. ಶಿರಸಿ-ಕುಮಟಾ-ಕಾರವಾರ ಹೋಗಿ ಬರೋದು 250 ಕಿ.ಮೀ. ಹತ್ತಿರ, ಒಂದು ಟ್ಯಾಂಕಿನಲ್ಲಿ ಮುಗಿಯುತ್ತೆ. ಕದ್ರಾ ದಾಟಿ ಅಣಶಿ ಕಡೆ ಹೊರಟರೆ ಮಾತ್ರ ಕಾರವಾರದಲ್ಲೇ ತುಂಬಿಸಿಕೊಳ್ಳಿ.

ಗಾಡಿ ನೋಡೋಕೆ ಹೋದಾಗ ಟೈರ್ ಬದಿಯ ನಾಲ್ಕು ಅಂಕಿ ಓದಿ. 2321 ಅಂದರೆ 2021ರ 23ನೇ ವಾರ ತಯಾರಾದದ್ದು. ಟೈರಿನ ಗೀರುಗಳು ಆಳ ಇದ್ದರೂ ಹಳತಾದ ರಬ್ಬರ್ ಗಟ್ಟಿಯಾಗಿರುತ್ತೆ, ಒದ್ದೆ ಘಟ್ಟದಲ್ಲಿ ಹಿಡಿಯಲ್ಲ. ಹಿಂದಿನದು 190 ಸೈಜು, ಬೆಲೆ ಜೋರು, ಬದಲಿಸೋದಾದರೆ ಆ ದುಡ್ಡು ಚೌಕಾಸಿಯಲ್ಲೇ ಇಳಿಸಿ. ಗಾಡಿ ಮೊದಲು ಕರಾವಳಿಯಲ್ಲಿತ್ತಾ ಅಂತಲೂ ಕೇಳಿ. ಉಪ್ಪು ಗಾಳಿಗೆ ಮೊದಲು ತುಕ್ಕು ಹಿಡಿಯೋದು ಚೈನು, ಆಮೇಲೆ ಬೋಲ್ಟ್ ತಲೆಗಳು. ಟೆಸ್ಟ್ ರೈಡಿಗೆ ಮನೆಯವರನ್ನೂ ಕರಕೊಂಡು ಹೋಗಿ. ಹಿಂದಿನ ಸೀಟು ಎತ್ತರ, ಅವರಿಗೆ ಕೂರೋಕೆ ಆಗಲ್ಲ ಅಂದರೆ ಮುಂದಿನ ಮಾತುಕತೆಯೇ ಬೇಡ ಅಲ್ವಾ.