ಮೊದಲು ಯಾವ ದಡ, ಆಮೇಲೆ ಯಾವ ರೂಮು

ಹಂಪಿ ಪ್ರವಾಸದ ಬಗ್ಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಕೇಳುವುದು ಒಂದನ್ನೇ: 'ಎಲ್ಲಿ ಉಳಿಯೋಣ?' ಹೋದ ವರ್ಷವೂ ಉತ್ತರ ಬರೆದಿದ್ದೆ. ಅದನ್ನು ಯಾರೂ ಓದಿಲ್ಲ ಅನ್ನುವುದು ಈ ಸಲದ ಪತ್ರಗಳಿಂದ ಗೊತ್ತಾಯಿತು. ಟೋಪಿ, ನೀರು, ಒಳ್ಳೆ ಚಪ್ಪಲಿ ಬೇಕು ಅನ್ನುವುದನ್ನೆಲ್ಲ ನಾನು ಹೇಳುವುದಿಲ್ಲ. ಅಷ್ಟು ನಿಮಗೇ ಗೊತ್ತಿರುತ್ತದೆ.

ಪ್ರಶ್ನೆ: ಬೆಂಗಳೂರಿನಿಂದ ನಾವು ನಾಲ್ವರು ಹೊರಟಿದ್ದೇವೆ. ನಾನು, ನನ್ನವರು, ಒಂಬತ್ತು ವರ್ಷದ ಮಗಳು, ಮಂಡಿ ನೋವಿರುವ ಅತ್ತೆ. ಶನಿವಾರ ಬೆಳಗ್ಗೆ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಇಳಿದು ಭಾನುವಾರ ರಾತ್ರಿ ವಾಪಸ್. 'ಹಂಪಿಗೆ 2 ಕಿ.ಮೀ., ನದಿ ಪಕ್ಕ' ಅಂತ ಸಾಣಾಪುರದ ಒಂದು ಕಾಟೇಜ್ ಸಿಕ್ಕಿದೆ. ಫೋಟೋ ತುಂಬಾ ಚೆನ್ನಾಗಿದೆ. ಅದನ್ನು ತಗೊಳ್ಳೋಣವೋ, ಹೊಸಪೇಟೆಯ ಹೋಟೆಲ್ಲೋ?

ಎರಡೂ ಬೇಡ. ಕಮಲಾಪುರದಲ್ಲಿ ಉಳಿಯಿರಿ.

ಆ '2 ಕಿ.ಮೀ.' ಯಾರ ಲೆಕ್ಕ ಗೊತ್ತಾ? ಕಾಗೆಯ ಲೆಕ್ಕ. ಮ್ಯಾಪಿನಲ್ಲಿ ನೇರ ಗೆರೆ ಎಳೆದರೆ ಅಷ್ಟೇ ಬರುತ್ತದೆ. ನಡುವೆ ತುಂಗಭದ್ರೆ ಹರಿಯುತ್ತಾಳೆ ಅನ್ನುವುದನ್ನು ಜಾಹೀರಾತು ಹೇಳುವುದಿಲ್ಲ. ಹಂಪಿ ಇರುವುದು ಈ ದಡದಲ್ಲಿ, ವಿಜಯನಗರ ಜಿಲ್ಲೆ. ಸಾಣಾಪುರ, ಆನೆಗೊಂದಿ ಆ ದಡದಲ್ಲಿ, ಕೊಪ್ಪಳ ಜಿಲ್ಲೆ. ದಾಟಲು ದೋಣಿ ಬೇಕು. ದೋಣಿ ಇಲ್ಲದಿದ್ದರೆ ಕಡೆಬಾಗಿಲು, ಬುಕ್ಕಸಾಗರದ ಸೇತುವೆ ಮೇಲೆ ಸುತ್ತಿ ಬರಬೇಕು. ಅದಕ್ಕೆ ಮುಕ್ಕಾಲು ಗಂಟೆಯಾದರೂ ಹಿಡಿಯುತ್ತದೆ.

ದೋಣಿ ಇದೆಯಲ್ಲ ಅಂತೀರಿ. ಇದೆ. ಸಂಜೆ ಆರರ ಹೊತ್ತಿಗೆ ಅಂಬಿಗರು ದೋಣಿ ಕಟ್ಟಿ ಮನೆಗೆ ಹೋಗುತ್ತಾರೆ. ಹೇಮಕೂಟ ಬೆಟ್ಟದಲ್ಲಿ ಸೂರ್ಯ ಮುಳುಗುವುದೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಸೂರ್ಯಾಸ್ತ ನೋಡಿದರೆ ದೋಣಿ ತಪ್ಪುತ್ತದೆ, ದೋಣಿ ಹಿಡಿದರೆ ಸೂರ್ಯಾಸ್ತ ತಪ್ಪುತ್ತದೆ. ಇನ್ನು ಮಳೆಗಾಲದಲ್ಲಿ ತುಂಗಭದ್ರಾ ಡ್ಯಾಮಿನಿಂದ ನೀರು ಬಿಟ್ಟರೆ ದೋಣಿಯೇ ಬಂದ್. ನೀರು ಯಾವತ್ತು ಬಿಡುತ್ತಾರೆ ಅನ್ನುವುದನ್ನು ನಿಮ್ಮ ಬುಕಿಂಗ್ ನೋಡಿ ತೀರ್ಮಾನಿಸುವುದಿಲ್ಲ.

ಇದನ್ನು ಕೇಳಿ ಬರೆಯುತ್ತಿಲ್ಲ, ಅನುಭವಿಸಿ ಬರೆಯುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಚಿಕ್ಕಮ್ಮನಿಗೆ ಆಚೆ ದಡದಲ್ಲೇ ರೂಮು ಮಾಡಿಸಿದ್ದೆ. ನಾನೂ ಫೋಟೋ ನೋಡಿ ಮರುಳಾದವನೇ. ಹೇಮಕೂಟದಿಂದ ಇಳಿದು ಸ್ನಾನಘಟ್ಟಕ್ಕೆ ಬರುವಷ್ಟರಲ್ಲಿ ದೋಣಿಗೆ ಹಗ್ಗ ಬಿಗಿದಾಗಿತ್ತು. ಮೆಟ್ಟಿಲ ಮೇಲೆ ಒಬ್ಬ ಹುಡುಗ ಕೂತು ಒದ್ದೆ ಚಡ್ಡಿ ಹಿಂಡುತ್ತಿದ್ದ. 'ನಾಳೆ ಬೆಳಿಗ್ಗಿ ಬರ್ರಿ' ಅಂದ. ನಮ್ಮ ರೂಮಿನ ದೀಪ ಎದುರು ದಡದಲ್ಲಿ ಉರಿಯುತ್ತಿದ್ದದ್ದು ಕಾಣುತ್ತಿತ್ತು. ಆಟೊ ಹಿಡಿದು, ಕಮಲಾಪುರ ದಾಟಿ, ಬಾಳೆತೋಟಗಳ ನಡುವೆ ಕತ್ತಲಲ್ಲಿ ಸುತ್ತಿ ಹೋದೆವು. ದಾರಿಯುದ್ದಕ್ಕೂ ಚಿಕ್ಕಮ್ಮ ಮಾತಾಡಲಿಲ್ಲ. ಇಳಿಯುವಾಗ ಒಂದೇ ಮಾತು: 'ಊರಿಗೆಲ್ಲ ಹಂಪಿ ತೋರಿಸ್ತೀಯಂತೆ. ನನಗೆ ಬಾಳೆತೋಟ ತೋರಿಸಿದೆ.'

ಹಾಗಾದರೆ ಹೊಸಪೇಟೆ ಯಾಕೆ ಬೇಡ? ಕೆಟ್ಟ ಊರಲ್ಲ. ಎಲ್ಲ ರೇಟಿನ ಹೋಟೆಲ್ ಸಿಗುತ್ತದೆ, ಬೆಳಗ್ಗೆ ಬಿಸಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಸಿಗುತ್ತದೆ, ಹಂಪಿಗೆ ಬಸ್ಸೂ ಬೇಕಾದಷ್ಟಿವೆ. ಆದರೆ 13 ಕಿ.ಮೀ. ದೂರ. ಹಂಪಿಯಲ್ಲಿ ದಿನಕ್ಕೆ ಎರಡು ಹೊತ್ತು ಮಾತ್ರ ನಿಮ್ಮದು. ಬೆಳಗ್ಗೆ ಹನ್ನೊಂದರ ತನಕ, ಸಂಜೆ ನಾಲ್ಕರ ಮೇಲೆ. ನಡುವಿನ ಬಿಸಿಲಿಗೆ ಬಂಡೆ ಹೆಂಚಿನಂತೆ ಕಾಯುತ್ತದೆ. ಆ ಹೊತ್ತಲ್ಲಿ ರೂಮಿಗೆ ಬಂದು ಉಂಡು ಮಲಗಬೇಕು. ಹೊಸಪೇಟೆಯಲ್ಲಿ ಉಳಿದವರು ಅಷ್ಟು ದೂರ ವಾಪಸ್ ಹೋಗುವುದಿಲ್ಲ. ಯಾವುದೋ ಮರದಡಿ ಕಾರು ನಿಲ್ಲಿಸಿ, ಎಸಿ ಹಾಕಿಕೊಂಡು, ಅಳುವ ಮಗುವಿಗೆ ಚಿಪ್ಸ್ ಕೊಡುತ್ತಾ ಕೂತಿರುತ್ತಾರೆ. ಪ್ರತಿ ಶನಿವಾರ ನೋಡುತ್ತೇನೆ.

ಕಮಲಾಪುರ ಹಂಪಿಯಿಂದ ನಾಲ್ಕೇ ಕಿ.ಮೀ. ಇನ್ನೊಂದು ವಿಷಯ ಜನ ಮರೆಯುತ್ತಾರೆ. ಕಮಲ ಮಹಲ್, ಆನೆ ಲಾಯ, ಹಜಾರರಾಮ ದೇವಸ್ಥಾನ, ಮಹಾನವಮಿ ದಿಬ್ಬ ಎಲ್ಲ ಇರುವುದು ಕಮಲಾಪುರದ ಕಡೆಗೇ. ಅರ್ಧ ಹಂಪಿ ನಿಮ್ಮ ಬಾಗಿಲಲ್ಲೇ ಇದ್ದಂತೆ. ರಾಜ್ಯ ಪ್ರವಾಸೋದ್ಯಮ ನಿಗಮದ (ಕೆಎಸ್‌ಟಿಡಿಸಿ) ಹೋಟೆಲ್ ಮಯೂರ ಭುವನೇಶ್ವರಿ ಇಲ್ಲಿದೆ, ಹೋಂಸ್ಟೇಗಳೂ ಇವೆ. ಫೋನ್ ಮಾಡಿ ಕೆಳಗಿನ ಮಹಡಿಯ ರೂಮೇ ಬೇಕು ಅನ್ನಿ. ಅತ್ತೆಯವರ ಮಂಡಿಗೆ ನದಿಯ ನೋಟಕ್ಕಿಂತ ಅದು ಮುಖ್ಯ. ರೈಲು ಇಳಿಯುವುದು ಬೆಳಗ್ಗೆ, ರೂಮು ಕೊಡುವುದು ಮಧ್ಯಾಹ್ನ. ಬೇಗ ಕೊಡುತ್ತೀರಾ, ಇಲ್ಲಾ ಮುಖ ತೊಳೆದು ಬ್ಯಾಗ್ ಇಡಲು ಜಾಗವಾದರೂ ಇದೆಯಾ ಅಂತ ಮೊದಲೇ ಕೇಳಿ. ಬಾಯಿಮಾತಿಗೆ 'ಆಯ್ತು ಬನ್ನಿ' ಅಂದರೆ ನಂಬಬೇಡಿ, ಮೆಸೇಜಿನಲ್ಲಿ ಬರೆಸಿಕೊಳ್ಳಿ.

ಶನಿವಾರ ಬ್ಯಾಗ್ ಇಟ್ಟು ಕಮಲ ಮಹಲ್ ಕಡೆ ನೋಡಿ ಬನ್ನಿ. ಟಿಕೆಟ್ ಬಿಸಾಡಬೇಡಿ. ಅದೇ ದಿನ ವಿಜಯ ವಿಠ್ಠಲ ದೇವಸ್ಥಾನಕ್ಕೂ ಅದೇ ನಡೆಯುತ್ತದೆ. ಊಟ, ನಿದ್ದೆ ಮುಗಿಸಿ ಮೂರೂವರೆಗೆ ವಿಠ್ಠಲ ದೇವಸ್ಥಾನಕ್ಕೆ ಹೊರಡಿ. ಪಾರ್ಕಿಂಗ್‌ನಿಂದ ಬ್ಯಾಟರಿ ಗಾಡಿ ಇದೆ, ಅತ್ತೆ ನಡೆಯಬೇಕಿಲ್ಲ. ಭಾನುವಾರ ಬೆಳಗ್ಗೆ ವಿರೂಪಾಕ್ಷ. ದೇವಸ್ಥಾನದ ಆನೆ ಹೊಳೆಗೆ ಸ್ನಾನಕ್ಕೆ ಇಳಿಯುವುದನ್ನು ಮಗಳಿಗೆ ತೋರಿಸಿ, ಅವಳಿಗೆ ಕಲ್ಲಿನ ರಥಕ್ಕಿಂತ ಅದೇ ನೆನಪಿರುತ್ತದೆ. ಸಂಜೆ ಹೇಮಕೂಟಕ್ಕೆ ಕಡಲೆಕಾಳು ಗಣಪನ ಕಡೆಯಿಂದ ಹೋಗಿ, ಏರು ಕಮ್ಮಿ. ಮಾತಂಗ ಬೆಟ್ಟವನ್ನೂ ಅಂಜನಾದ್ರಿಯ 575 ಮೆಟ್ಟಿಲನ್ನೂ ಈ ಸಲ ಬಿಟ್ಟುಬಿಡಿ.

ಆನೆಗೊಂದಿ ಕಡೆಯವರು ನನ್ನ ಮೇಲೆ ಸಿಟ್ಟಾಗಬೇಡಿ. ಮೂರು ರಾತ್ರಿ ಇರುವವರಿಗೆ, ಸ್ವಂತ ಗಾಡಿ ಇರುವವರಿಗೆ ಆ ದಡ ತುಂಬಾ ಚೆಂದ. ಪಂಪಾ ಸರೋವರ, ನವಬೃಂದಾವನ, ಗದ್ದೆಗಳ ನಡುವಿನ ಆ ರಸ್ತೆ... ನಾನೇ ರಜೆ ಸಿಕ್ಕರೆ ಹೋಗುವುದು ಅಲ್ಲಿಗೆ. ಆದರೆ ಅನುಮತಿ ಇಲ್ಲದ ರೆಸಾರ್ಟಿಗೆ ಬೀಗ ಬಿದ್ದ ಸುದ್ದಿ ಆಗಾಗ ಬರುತ್ತದೆ. ಪೂರ್ತಿ ದುಡ್ಡು ಮುಂಗಡ ಕೇಳಿದರೆ ಪರವಾನಗಿ ತೋರಿಸಿ ಅನ್ನಿ. ತಡವರಿಸಿದರೆ ಫೋನ್ ಇಡಿ.

ಪ್ರಶ್ನೆ: 'ಯುನೆಸ್ಕೋ ಮಾನ್ಯತೆ ಪಡೆದ ಹೋಂಸ್ಟೇ' ಅಂತ ಬೋರ್ಡ್ ಇದೆ. ನಂಬಬಹುದಾ?

ಯುನೆಸ್ಕೋ 1986ರಲ್ಲಿ ಪಟ್ಟಿಗೆ ಸೇರಿಸಿದ್ದು ಸ್ಮಾರಕಗಳನ್ನು. ಯಾರದೋ ಮನೆಯ ಗೀಸರನ್ನಲ್ಲ. ಬೋರ್ಡಲ್ಲೇ ಸುಳ್ಳು ಬರೆದವರು ಬಿಲ್ಲಲ್ಲಿ ಏನು ಬರೆಯುತ್ತಾರೋ ನೀವೇ ಯೋಚಿಸಿ.

ಪ್ರಶ್ನೆ: ಹಿಪ್ಪಿ ಐಲ್ಯಾಂಡ್‌ನಲ್ಲಿ ರೂಮು ಎಷ್ಟಕ್ಕೆ ಸಿಗುತ್ತದೆ?

ಹಿಪ್ಪಿ ಐಲ್ಯಾಂಡ್ ಅಂದರೆ ವಿರುಪಾಪುರ ಗಡ್ಡೆ. ಅಲ್ಲಿನ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲೇ ಕೆಡವಿದರು. ನೀವು ನೋಡುತ್ತಿರುವ ವಿಡಿಯೊ ಹಳೆಯದು.

ಪ್ರಶ್ನೆ: ದೇವಸ್ಥಾನದ ಹತ್ತಿರವೇ, ಹಂಪಿ ಊರೊಳಗೆ ಉಳಿಯಬಹುದಾ?

ಉಳಿಯಬಹುದು. ಜನತಾ ಪ್ಲಾಟ್ ಅನ್ನುವ ಗಲ್ಲಿಗಳಲ್ಲಿ ಸಣ್ಣ ಸಣ್ಣ ಗೆಸ್ಟ್‌ಹೌಸ್‌ಗಳಿವೆ. ಬೆಳಗ್ಗೆ ಎದ್ದು ನಡೆದೇ ಬೆಟ್ಟ ಹತ್ತುವ ವಯಸ್ಸಿನವರಿಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಆ ಗಲ್ಲಿಗಳಿಗೆ ಕಾರು ಹೋಗುವುದಿಲ್ಲ, ಊರಲ್ಲಿ ಮಾಂಸ, ಮದ್ಯ ಇಲ್ಲ. ಅದನ್ನು ದೂರಿ ನನಗೆ ಪತ್ರ ಬರೆಯಬೇಡಿ, ಅದು ದೇವಸ್ಥಾನದ ಊರು.

ಪ್ರಶ್ನೆ: ಬಂಡೆ ಮೇಲೆ ಟೆಂಟ್ ಹಾಕಿ ನಕ್ಷತ್ರ ನೋಡುತ್ತಾ ಮಲಗುವ ಪ್ಯಾಕೇಜ್ ಇದೆಯಂತೆ?

ಆ ಬಂಡೆಗಳ ಸಂದಿಯಲ್ಲಿ ಚಿರತೆ, ಕರಡಿ ಇವೆ. ಅವುಗಳಿಗೆ ಪ್ಯಾಕೇಜ್ ವಿಷಯ ಗೊತ್ತಿಲ್ಲ.

ಪ್ರಶ್ನೆ: ಎರಡೇ ದಿನದಲ್ಲಿ ಹಂಪಿ, ಬಾದಾಮಿ, ಐಹೊಳೆ, ಪಟ್ಟದಕಲ್ಲು ಮುಗಿಸಬೇಕು. ನಡುವೆ ಎಲ್ಲಿ ರೂಮು ಮಾಡಲಿ?

ಕಾರಲ್ಲೇ ಮಲಗಿ. ಹೇಗೂ ನೀವು ನೋಡುವುದು ರಸ್ತೆ ಮಾತ್ರ.