ಅಟ್ಟದ ಲೆಕ್ಕ ಜಂತೆಯಿಂದ ಶುರುವಾಗಲಿ

ಆತ್ಮೀಯರೇ,

ಸಾಗರದ ಕಡೆಯವರೆಂದು ಬರೆದಿದ್ದೀರಿ. ನಾನು ತೀರ್ಥಹಳ್ಳಿ ತಾಲೂಕಿನವನು. ಬಾಸ್ಟನ್ನಿನ ಹೊರವಲಯದಲ್ಲಿ ಎರಡು ಮಲಗುವ ಕೋಣೆಗಳ ಹಳೆಯ ಕೇಪ್ ಮಾದರಿಯ, ಅಂದರೆ ಕಡಿದಾದ ಮಾಡಿನ ಚಿಕ್ಕ ಮನೆ ಕೊಂಡಿದ್ದೀರಿ, ಬರುವ ವರ್ಷ ತಂದೆತಾಯಿ ಆರು ತಿಂಗಳ ಮಟ್ಟಿಗೆ ಬರುವವರಿದ್ದಾರೆ, ಅಷ್ಟರೊಳಗೆ ಅಟ್ಟವನ್ನು ಕೋಣೆಯಾಗಿಸಿ ಹಿಂಬದಿಯ ಮಾಡಿನಲ್ಲಿ ಒಂದು ಡಾರ್ಮರ್, ಅಂದರೆ ಇಳಿಜಾರಿನಿಂದ ಹೊರಕ್ಕೆದ್ದ ಕಿಟಕಿಯ ಭಾಗ, ಎಬ್ಬಿಸಬೇಕೆಂದಿದ್ದೀರಿ. ಗುತ್ತಿಗೆದಾರರೊಬ್ಬರು ಬಂದು ಅಟ್ಟದೊಳಗೆ ಹತ್ತು ನಿಮಿಷ ಟಾರ್ಚ್ ಆಡಿಸಿ, ಚದರ ಅಡಿಗೆ ಇಷ್ಟು ಎಂದು ಬಾಯಲ್ಲಿ ಒಂದು ಮೊತ್ತ ಹೇಳಿ ಹೋದರು, ಅದನ್ನು ನಂಬಬಹುದೇ ಎಂಬುದು ನಿಮ್ಮ ಪ್ರಶ್ನೆ. ನಂಬಬೇಡಿ. ಅವರು ಮೋಸಗಾರರೆಂದು ಹೇಳುತ್ತಿಲ್ಲ. ಖಾಲಿ ನಿವೇಶನದಲ್ಲಿ ಹೊಸ ಮನೆ ಕಟ್ಟುವಾಗ ಚದರ ಅಡಿಯ ದರಕ್ಕೆ ಒಂದಿಷ್ಟು ಅರ್ಥವಿರುತ್ತದೆ. ಅಟ್ಟದಲ್ಲಿ ಹಾಗಲ್ಲ, ಖರ್ಚಿನ ದೊಡ್ಡ ಪಾಲು ಕಣ್ಣಿಗೆ ಕಾಣುವ ಕೋಣೆಯಲ್ಲಿರದೆ ಅದರ ಕೆಳಗಿನ ಜಂತೆಯಲ್ಲಿ, ಮೆಟ್ಟಿಲಿನಲ್ಲಿ, ನೆತ್ತಿಯ ತೊಲೆಯಲ್ಲಿ ಅಡಗಿರುತ್ತದೆ.

1998ರ ಜನವರಿಯಲ್ಲಿ ನಾನು ಅಮೆರಿಕಕ್ಕೆ ಬಂದಿಳಿದಾಗ ಸಿಕ್ಕಿದ್ದು ಮೂರಂತಸ್ತಿನ ಹಳೆಯ ಮರದ ಮನೆಯ ತುತ್ತತುದಿಯ ಬಾಡಿಗೆ ಕೋಣೆ. ಮಾಡಿನ ಇಳಿಜಾರು ತಲೆದಿಂಬಿನವರೆಗೂ ಇಳಿದಿತ್ತು. ಆ ಇಳಿಜಾರನ್ನು ಸೀಳಿ ಹೊರಕ್ಕೆ ಎದ್ದಿದ್ದ ಪುಟ್ಟ ಡಾರ್ಮರಿನ ಕಿಟಕಿಯ ಬಳಿ ಮಾತ್ರ ನೆಟ್ಟಗೆ ನಿಲ್ಲಬಹುದಿತ್ತು. ಆಷಾಢದಲ್ಲಿ ಹೆಂಚಿನ ಮೇಲೆ ಸುರಿಯುವ ಮಳೆಯ ಸದ್ದಿಗೆ ಮಲಗಿ ಅಭ್ಯಾಸವಾದವನಿಗೆ, ಹಿಮ ಬೀಳುವ ರಾತ್ರಿಯ ಆ ನಿಶ್ಶಬ್ದದಲ್ಲಿ ನಿದ್ದೆ ಹತ್ತುತ್ತಿರಲಿಲ್ಲ. ಆದರೂ ಆ ಕೋಣೆಗೆ ಒಣಮರದ ವಾಸನೆಯಿತ್ತು, ನಮ್ಮನೆಯ ಅಡಿಕೆ ಅಟ್ಟದ್ದೇ ವಾಸನೆ. ಸ್ವಂತ ಮನೆಯಾದರೆ ಅಪ್ಪಯ್ಯ ಅಮ್ಮನಿಗೆ ಅಂಥದೇ ಒಂದು ಕೋಣೆ ಮಾಡಬೇಕೆಂದು ಆಗಲೇ ನಿಶ್ಚಯಿಸಿಕೊಂಡಿದ್ದೆ. 2004ರಲ್ಲಿ ಮನೆ ಕೊಂಡೆ, ನಿಮ್ಮದರಂಥದೇ ಕೇಪ್. 2009ರಲ್ಲಿ ಅಟ್ಟಕ್ಕೆ ಕೈ ಹಾಕಿದೆ.

ಆ ವರ್ಷ ಮೇ ತಿಂಗಳಲ್ಲಿ ಅವರಿಬ್ಬರೂ ಬಂದರು. ಬಂದ ಮೂರನೆಯ ದಿನವೇ ಅಪ್ಪಯ್ಯ ಮಡಚುವ ಏಣಿಯಲ್ಲಿ ಅಟ್ಟಕ್ಕೆ ಹತ್ತಿ, ಚಳಿ ತಡೆಯಲೆಂದು ಹಾಸಿದ್ದ ಗಾಜಿನ ಹತ್ತಿಯನ್ನು ಬರಿಗೈಯಲ್ಲಿ ಪಕ್ಕಕ್ಕೆ ಸರಿಸಿ, ಒಂದು ಜಂತೆಯನ್ನು ಬೆರಳಿನ ಗೆಣ್ಣಿನಿಂದ ಎರಡು ಸಲ ಬಡಿದು ನೋಡಿದರು. ಆಮೇಲೆ ಅದರ ಎತ್ತರಕ್ಕೆ ಗೇಣು ಹಾಕಿದರು. ಒಂದು ಗೇಣೂ ಪೂರ್ತಿಯಾಗಲಿಲ್ಲ. "ಇದ್ರ ಮೇಲೆ ನಾಲ್ಕು ಮೂಟೆ ಅಡಿಕೆ ಇಟ್ರೆ ಬಗ್ತದೆ ಕಣೋ, ಮಂಚ ಹಾಕಿ ಮನುಷ್ಯರು ಮಲಗೋದು ಹ್ಯಾಗೆ?" ಎಂದರು. ಹೊನ್ನೆ, ನಂದಿಯ ತೊಲೆಗಳ ಮೇಲೆ ಮುಚ್ಚಿಗೆ ಹೊದಿಸಿದ ಮನೆಯಲ್ಲಿ ಹುಟ್ಟಿ ಬೆಳೆದವರು ಅವರು; ಆಚಾರಿಗಳ ಜೊತೆ ನಿಂತು ಎರಡು ಮನೆಗಳ ಮಾಡು ಏರಿಸಿದವರು. ನಾನು, "ಇಲ್ಲಿನ ಲೆಕ್ಕವೇ ಬೇರೆ ಅಪ್ಪಯ್ಯ, ಅದೆಲ್ಲ ಅವರಿಗೆ ಗೊತ್ತಿರ್ತದೆ, ನೀವು ಇಳೀರಿ" ಎಂದೆ. ಅವರು ಮರುಮಾತಾಡದೆ ಇಳಿದರು. ಗಾಜಿನ ಹತ್ತಿ ತಾಗಿ ಮೊಣಕೈವರೆಗೂ ತುರಿಕೆಯೆದ್ದು, ಅಮ್ಮ ಕೊಬ್ಬರಿ ಎಣ್ಣೆ ಹಚ್ಚಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಲೆಕ್ಕ ಬೇರೆಯೇನೂ ಆಗಿರಲಿಲ್ಲ. ಖಾಲಿ ಅಟ್ಟದ ಜಂತೆಗಳನ್ನು ಇಲ್ಲಿ ಕೆಳಗಿನ ಕೋಣೆಯ ಮೇಲ್ಛಾವಣಿಯನ್ನು ಹಿಡಿದು ನಿಲ್ಲಿಸುವುದಕ್ಕಾಗಿ ಹಾಕಿರುತ್ತಾರೆ. ಸಾಮಾನು ಇಡದ ಅಟ್ಟಕ್ಕೆ ಕಟ್ಟಡ ಸಂಹಿತೆ ಹಿಡಿಯುವ ಭಾರ ಚದರ ಅಡಿಗೆ 10 ಪೌಂಡ್. ಜನ ಮಲಗುವ ಕೋಣೆಗೆ ಅದು 30 ಪೌಂಡ್. ನಮ್ಮ ಮನೆಯಲ್ಲಿದ್ದದ್ದು ಎರಡು-ಆರು ಎಂದು ಕರೆಯುವ ಮರ, ಅಂದರೆ ನಿಜವಾದ ಅಳತೆ ಒಂದೂವರೆ ಇಂಚು ದಪ್ಪ, ಐದೂವರೆ ಇಂಚು ಎತ್ತರ. 16 ಇಂಚಿಗೊಂದರಂತೆ ಹಾಕಿದ ಅಂಥ ಜಂತೆ ಮಲಗುವ ಕೋಣೆಯ ಭಾರಕ್ಕೆ ಸುಮಾರು 10 ಅಡಿ ಹಾಯಬಹುದು. ನಮ್ಮಲ್ಲಿ ಗೋಡೆಯಿಂದ ನಡುಗೋಡೆಗೆ 12 ಅಡಿ ಹಾದಿತ್ತು. ಮಾಡು ಸೀಳಿ ಮೂರು ವಾರವಾದ ಮೇಲೆ ಪಟ್ಟಣದ ಕಟ್ಟಡ ತನಿಖಾಧಿಕಾರಿ ಬಂದು, ಟೇಪು ಹಿಡಿದು ಅದೇ ಜಂತೆಯನ್ನು ಅಳೆದು, ಅಪ್ಪಯ್ಯ ಹೇಳಿದ್ದನ್ನೇ ಹೇಳಿದರು. ಗುತ್ತಿಗೆದಾರರು ಕೊಟ್ಟಿದ್ದ ನಕ್ಷೆಯಲ್ಲಿ ಜಂತೆಯ ಅಳತೆಯನ್ನೇ ಬರೆದಿರಲಿಲ್ಲ. ನಾನೂ ಕೇಳಿರಲಿಲ್ಲ.

ಅಲ್ಲಿಂದ ಒಂದರ ಹಿಂದೆ ಒಂದು ಬಂತು. ಇದನ್ನು ವಿವರವಾಗಿ ಬರೆಯುತ್ತೇನೆ, ಏಕೆಂದರೆ ನಿಮ್ಮ ಅಂದಾಜು ಇದೇ ದಾರಿಯಲ್ಲಿ ಸಾಗಬೇಕು. ಹಳೆಯ ಜಂತೆಯ ಪಕ್ಕಕ್ಕೆ ಎರಡು-ಹತ್ತರ ಹೊಸ ಜಂತೆ ಕೂಡಿಸಿದರೆ ನೆಲ ಸುಮಾರು 4 ಇಂಚು ಮೇಲೇಳುತ್ತದೆ. 12 ಅಡಿಗೆ 9 ಅಡಿ ಏರುವ ಮಾಡಿನಲ್ಲಿ, ನೆಲ 4 ಇಂಚು ಎದ್ದರೆ ತಲೆ ತಾಗದೆ ನಿಲ್ಲುವ ಪಟ್ಟಿ ಎರಡೂ ಬದಿಗೆ ಐದೈದು ಇಂಚಿಗಿಂತ ಹೆಚ್ಚು ಕಿರಿದಾಗುತ್ತದೆ. ಪಕಾಸುಗಳ, ಅಂದರೆ ಮಾಡು ಹೊರುವ ಓರೆ ಮರಗಳ, ನಡುವೆ ಚಳಿ ತಡೆಯುವ ಹೊದಿಕೆ ತುಂಬಿ, ಅದರ ಕೆಳಗೆ ಹಲಗೆ ಹೊಡೆದರೆ ಮೇಲಿನಿಂದಲೂ ಒಂದಿಷ್ಟು ಎತ್ತರ ಹೋಗುತ್ತದೆ. ಸಂಹಿತೆಯ ಪ್ರಕಾರ ವಾಸದ ಕೋಣೆಗೆ ಕನಿಷ್ಠ 70 ಚದರ ಅಡಿ ಬೇಕು. ಅದರಲ್ಲಿ ಅರ್ಧದಷ್ಟಾದರೂ 7 ಅಡಿ ಎತ್ತರವಿರಬೇಕು, 5 ಅಡಿಗಿಂತ ತಗ್ಗಾದ ಜಾಗ ಲೆಕ್ಕಕ್ಕೇ ಬರುವುದಿಲ್ಲ. ಹೀಗಾಗಿ 10 ಅಡಿ ಅಗಲವೆಂದುಕೊಂಡಿದ್ದ ನಮ್ಮ ಡಾರ್ಮರ್ 16 ಅಡಿಯಾಯಿತು. ಹಿಂಬದಿಯ ಮಾಡನ್ನು ಅಷ್ಟು ಅಗಲಕ್ಕೆ ಎತ್ತಿದ ಮೇಲೆ, ಎದುರುಬದುರಾಗಿ ಒಂದಕ್ಕೊಂದು ಒತ್ತಿ ನಿಂತಿದ್ದ ಪಕಾಸುಗಳ ಜೋಡಿ ತಪ್ಪುತ್ತದೆ. ಆಗ ನೆತ್ತಿಗೆ ನಿಜವಾಗಿ ಭಾರ ಹೊರುವ ತೊಲೆ ಬೇಕು, ಆ ತೊಲೆಯ ಎರಡು ತುದಿಗೂ ಕಂಬ ಬೇಕು, ಕಂಬದ ಭಾರ ಮನೆಯೊಳಗಿಂದ ಇಳಿದು ನೆಲಮಾಳಿಗೆಯಲ್ಲಿ ಹೊಸ ಪಾದದ (ಕಂಬದಡಿಯ ಅಡಿಪಾಯದ) ಮೇಲೆ ಕೂರಬೇಕು. ಅಟ್ಟದ ಕೆಲಸಕ್ಕೆಂದು ನೆಲಮಾಳಿಗೆಯ ಕಾಂಕ್ರೀಟು ಒಡೆದದ್ದನ್ನು ಅಮ್ಮ ಕೊನೆಯವರೆಗೂ ನಂಬಲಿಲ್ಲ.

ಬಾಯಲ್ಲಿ ಹೇಳಿದ್ದ ಮೊತ್ತ 42,000 ಡಾಲರ್. ಅದರ ಮೇಲೆ ಜಂತೆಗೆ 7,800, ಮೆಟ್ಟಿಲಿಗೆ 6,200, ತೊಲೆ ಕಂಬ ಪಾದಗಳಿಗೆ 5,400, ವಿದ್ಯುತ್ ಪೆಟ್ಟಿಗೆ ಬದಲಿಸಲು 2,600, ಎಂಜಿನಿಯರ್ ನಕ್ಷೆಗೆ 1,400. ಒಟ್ಟು 65,400 ಆಯಿತು. ಇವು 2009ರ ನನ್ನ ಮನೆಯ ಬೆಲೆಗಳು, ಇಂದಿಗೆ ಹೊಂದುವುದಿಲ್ಲ. ನೀವು ಗಮನಿಸಬೇಕಾದದ್ದು ಒಂದೇ: ಹೆಚ್ಚಾದ 23,400 ಡಾಲರಿನಲ್ಲಿ ಕಿಟಕಿಗಾಗಲಿ ಬಣ್ಣಕ್ಕಾಗಲಿ ಹೋದದ್ದು ಏನೂ ಇಲ್ಲ. ಎಂಜಿನಿಯರಿಗೆ ಕೊಟ್ಟ 1,400 ಮಾತ್ರ ಮೊದಲೇ ಕೊಟ್ಟಿದ್ದರೆ ಉಳಿದದ್ದೆಲ್ಲ ಕೆಲಸ ಶುರುವಾಗುವ ಮುಂಚೆಯೇ ಕಾಗದದ ಮೇಲೆ ಬರುತ್ತಿತ್ತು. ಆದ್ದರಿಂದ ನಿಮ್ಮ ಮೊದಲ ಖರ್ಚು ಅದೇ ಆಗಲಿ. ಜಂತೆ ಪಕಾಸುಗಳ ಬದಲು ಕಾರ್ಖಾನೆಯಲ್ಲಿ ಜೋಡಿಸಿದ ತ್ರಿಕೋನದ ಟ್ರಸ್‌ಗಳಿದ್ದರಂತೂ, ಎಂಜಿನಿಯರ್ ಹೇಳದೆ ಒಂದು ಕಡ್ಡಿಯನ್ನೂ ಕತ್ತರಿಸಗೊಡಬೇಡಿ.

ಮೆಟ್ಟಿಲಿನ ಬಗ್ಗೆ ಎಲ್ಲರೂ ಮರೆಯುತ್ತಾರೆ. ಮಡಚುವ ಏಣಿ ಕೋಣೆಗೆ ನಡೆಯುವುದಿಲ್ಲ. 36 ಇಂಚು ಅಗಲದ ಮೆಟ್ಟಿಲು, ತಲೆಯ ಮೇಲೆ 6 ಅಡಿ 8 ಇಂಚು ಎತ್ತರ ಬೇಕು, ಮತ್ತು ಆ ಮೆಟ್ಟಿಲು ಕೆಳಗಿನ ಯಾವುದಾದರೂ ಕೋಣೆಯ ಜಾಗವನ್ನು ತಿನ್ನುತ್ತದೆ. ಮಲಗುವ ಕೋಣೆಯಾದ್ದರಿಂದ ಬೆಂಕಿ ಬಿದ್ದರೆ ಹಾರಿ ಪಾರಾಗುವಷ್ಟು ದೊಡ್ಡ ಕಿಟಕಿಯೂ ಬೇಕು: ತೆರೆದಾಗ 5.7 ಚದರ ಅಡಿ, ನೆಲದಿಂದ 44 ಇಂಚಿಗಿಂತ ಮೇಲಿರಬಾರದು. ನಿಮ್ಮ ಮನೆಗೆ ಪಟ್ಟಣದ ಒಳಚರಂಡಿ ಇಲ್ಲದೆ ಸೆಪ್ಟಿಕ್ ಇದ್ದರೆ ಎಲ್ಲಕ್ಕಿಂತ ಮೊದಲು ಅದನ್ನು ವಿಚಾರಿಸಿ; ಮ್ಯಾಸಚೂಸೆಟ್ಸ್‌ನಲ್ಲಿ ಸೆಪ್ಟಿಕ್ ಲೆಕ್ಕ ನಡೆಯುವುದೇ ಮಲಗುವ ಕೋಣೆಯ ಎಣಿಕೆಯ ಮೇಲೆ, ಕೋಣೆಗೆ ದಿನಕ್ಕೆ 110 ಗ್ಯಾಲನ್. ಮೂರನೆಯ ಕೋಣೆ ಸೇರಿದರೆ ತೊಟ್ಟಿಯನ್ನೇ ಹಿಗ್ಗಿಸಬೇಕಾದೀತು, ಆಗ ಅಟ್ಟದ ಯೋಚನೆಯನ್ನೇ ಬಿಡಬೇಕಾಗಿ ಬರಬಹುದು.

ಮಾಡಿನ ಕೆಲಸವನ್ನು ನಿಮಗೆ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಮಾಡುಗಳು ಕೂಡುವ ಮೂಲೆಯೇ ಮೊದಲು ಸೋರುವುದೆಂದು, ಮೃಗಶಿರೆ ಹಿಡಿಯುವ ಮುಂಚೆ ಹೆಂಚು ಕೈಯಾಡಿಸಿ ಮುಗಿಸಬೇಕೆಂದು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಡಾರ್ಮರ್ ಎಂದರೆ ಸೋರಬಲ್ಲ ಹೊಸ ಕೂಡುಮೂಲೆಗಳು. ಅದರ ಗೋಡೆ ಹಳೆಯ ಮಾಡನ್ನು ಸೇರುವ ಕಡೆ ಮೆಟ್ಟಿಲು ಮೆಟ್ಟಿಲಾಗಿ ತಗಡು ಕೂಡಿಸುವ ಕೆಲಸವನ್ನು, ಸೂರಿನ ಅಂಚಿನಿಂದ ಹೊರಗೋಡೆಯ ಒಳಗೆ 24 ಇಂಚಿನವರೆಗೂ ಹಿಮನೀರು ತಡೆಯುವ ಹಾಳೆ ಅಂಟಿಸುವ ಕೆಲಸವನ್ನು ಅಂದಾಜಿನಲ್ಲಿ ಬೇರೆ ಬೇರೆ ಸಾಲಾಗಿ ಬರೆಸಿಕೊಳ್ಳಿ. ಕೋಣೆಯ ಶಾಖ ಸೋರಿ ಮಾಡಿನ ಮೇಲಿನ ಹಿಮ ಕರಗಿ, ತಣ್ಣಗಿರುವ ಸೂರಿಗೆ ಬಂದು ಮತ್ತೆ ಹೆಪ್ಪುಗಟ್ಟಿ, ಹಿಂದಿನ ನೀರು ಹೊದಿಕೆಯಡಿಗೆ ನುಗ್ಗುವುದು ಇಲ್ಲಿಯ ಮಳೆಗಾಲ. ಡಾರ್ಮರಿನ ಮಾಡು ಚಪ್ಪಟೆಯಾದಷ್ಟೂ ಅಪಾಯ ಹೆಚ್ಚು. 12 ಅಡಿಗೆ 2 ಅಡಿಗಿಂತ ಕಡಿಮೆ ಇಳಿಜಾರಿದ್ದರೆ, ಇಲ್ಲಿ ಹೆಂಚಿನ ಬದಲು ಹೊದಿಸುವ ಡಾಂಬರಿನ ಶಿಂಗಲ್ ಹಾಕುವಂತೆಯೇ ಇಲ್ಲ.

ಇನ್ನು ಬರಹದ ಮಾತು. ನಮ್ಮ ಕಡೆ ಮೂರು ತಲೆಮಾರಿನಿಂದ ಬಲ್ಲ ಆಚಾರಿಗೆ "ಎಲ್ಲ ಬರೆದುಕೊಡಿ" ಎಂದರೆ ಅವಮಾನ ಮಾಡಿದಂತೆ. ನನಗೆ ಬಾಯಿ ಬಾರದಿದ್ದದ್ದು ಆ ಸಂಕೋಚದಿಂದಲೇ. ಇಲ್ಲಿ ಅದು ಅವಮಾನವಲ್ಲ. ಮ್ಯಾಸಚೂಸೆಟ್ಸ್ ಕಾನೂನಿನ ಪ್ರಕಾರ 1,000 ಡಾಲರ್ ಮೀರಿದ ಮನೆಯ ದುರಸ್ತಿ ಕೆಲಸದ ಕರಾರು ಬರಹದಲ್ಲೇ ಇರಬೇಕು, ಮತ್ತು ಕರಾರಿನ ಮೊತ್ತದ ಮೂರನೇ ಒಂದು ಪಾಲಿಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ; ವಿಶೇಷವಾಗಿ ತರಿಸಬೇಕಾದ ಸಾಮಗ್ರಿಯ ಬೆಲೆ ಆ ಪಾಲಿಗಿಂತ ಹೆಚ್ಚಾದರೆ ಮಾತ್ರ ಅಷ್ಟನ್ನು ಕೇಳಬಹುದು. ಪರವಾನಗಿಯನ್ನು ಗುತ್ತಿಗೆದಾರರ ಹೆಸರಿನಲ್ಲೇ ತೆಗೆಸಿ. ಹಣ ಉಳಿಯುತ್ತದೆಂದು ನೀವೇ ತೆಗೆದರೆ ಮುಂದೆ ವ್ಯಾಜ್ಯವಾದಾಗ ರಾಜ್ಯದ ಪರಿಹಾರ ನಿಧಿಯ ಆಸರೆ ತಪ್ಪುತ್ತದೆ. ಎಂಜಿನಿಯರ್ ನಕ್ಷೆಯ ಒಂದೇ ಪ್ರತಿಯನ್ನು ಮೂವರಿಗೆ ಕೊಟ್ಟು ಮೂರು ಅಂದಾಜು ತೆಗೆದುಕೊಳ್ಳಿ. ಬಂದ ಮೊತ್ತದ ಐದನೇ ಒಂದು ಪಾಲನ್ನು ಬೇರೆ ತೆಗೆದಿಡಿ. ಮನೆ 1978ಕ್ಕಿಂತ ಹಳೆಯದಾದರೆ ಸೀಸದ ಬಣ್ಣವಿರಬಹುದು. ಅಟ್ಟದಲ್ಲಿ ಹಳೆಯ ಕಾಲದ, ಅಭ್ರಕದಂತೆ ಹೊಳೆಯುವ ಕಾಳುಕಾಳಾದ ಹೊದಿಕೆ ಕಂಡರೆ ಅದರಲ್ಲಿ ಕಲ್ನಾರು ಇರಬಹುದೆಂದು ಮುಟ್ಟದೆ ಪರೀಕ್ಷೆ ಮಾಡಿಸಿ.

ಸಾಲದ ವಿಷಯ ಕೇಳಿದ್ದೀರಿ: ಬಡ್ಡಿ ಏರಿಳಿಯುವ ಸಾಲಕ್ಕಿಂತ ಸ್ಥಿರ ಬಡ್ಡಿಯದು ಲೇಸು. ಬಣ್ಣ ನೀವೇ ಬಳಿಯಬಹುದು. ತಂದೆತಾಯಿಯನ್ನು ಮೇಲೆ ಮಲಗಿಸಬೇಡಿ, ಕೆಳಗಿನ ಕೋಣೆ ಅವರಿಗೆ ಕೊಟ್ಟು ಅಟ್ಟಕ್ಕೆ ನೀವು ಹೋಗಿ.

ನಮ್ಮ ಮಾಡಿನ ಮೇಲೆ ಆ ಬೇಸಗೆಯೆಲ್ಲ ನೀಲಿ ಟಾರ್ಪಾಲು ಹೊಡೆದುಕೊಳ್ಳುತ್ತಿತ್ತು. ಅಪ್ಪಯ್ಯ ಅಮ್ಮ ಆರೂ ತಿಂಗಳು ಮುಂದಿನ ಕೋಣೆಯ ಸೋಫಾದಲ್ಲಿ ಮಲಗಿ ಅಕ್ಟೋಬರಿನಲ್ಲಿ ಊರಿಗೆ ಮರಳಿದರು. ಕೋಣೆ ಮುಗಿದದ್ದು ಮುಂದಿನ ಮಾರ್ಚಿನಲ್ಲಿ. ಆಮೇಲೆ ಅಪ್ಪಯ್ಯನಿಗೆ ಮಂಡಿನೋವು ಜೋರಾಯಿತು, ಮತ್ತೆ ಬರಲಾಗಲಿಲ್ಲ. ಜಂತೆಯ ವಿಚಾರದಲ್ಲಿ ನೀವು ಹೇಳಿದ್ದೇ ಸರಿಯಾಗಿತ್ತೆಂದು ನಾನು ಅವರಿಗೆ ಬಾಯಿಬಿಟ್ಟು ಹೇಳಲೇ ಇಲ್ಲ. ಅವರೂ ಒಮ್ಮೆಯೂ ಎತ್ತಿ ಆಡಲಿಲ್ಲ.

ಬರುವ ಶನಿವಾರ ಬೆಳಿಗ್ಗೆ ಅಟ್ಟಕ್ಕೆ ಹತ್ತಿ. ಉದ್ದ ತೋಳಿನ ಅಂಗಿ, ಕೈಗವಸು ಹಾಕಿಕೊಂಡು, ಜಂತೆಯ ಮೇಲಷ್ಟೇ ಕಾಲಿಟ್ಟು, ಜಂತೆಯ ದಪ್ಪ, ಎತ್ತರ, ಒಂದರಿಂದೊಂದಕ್ಕೆ ಇರುವ ಅಂತರ, ಗೋಡೆಯಿಂದ ನಡುಗೋಡೆಗೆ ಹಾಯುವ ಉದ್ದ, ಜಂತೆಯ ಮೇಲಿನಿಂದ ನೆತ್ತಿಗಿರುವ ಎತ್ತರ, ಇಷ್ಟನ್ನು ಅಳೆದು ನನಗೆ ಬರೆಯಿರಿ. ಬೆಳಿಗ್ಗೆ ಒಂಬತ್ತಕ್ಕೆ ಹತ್ತಿದರೆ ಊರಲ್ಲಿ ದೀಪ ಹಚ್ಚುವ ಹೊತ್ತು, ನಿಮ್ಮ ತಂದೆಯವರು ಮನೆಯಲ್ಲೇ ಇರುತ್ತಾರೆ. ವಿಡಿಯೋ ಕರೆ ಮಾಡಿ ಆ ಮರವನ್ನು ಅವರಿಗೂ ಹತ್ತಿರದಿಂದ ತೋರಿಸಿ, ಅವರು ಏನೆನ್ನುತ್ತಾರೆಂದು ಅದನ್ನೂ ಬರೆಯಿರಿ.